ಕಿಬಲ್ ಬಿಡಿಸಿ ನಾಯಿಗೆ ಮನೆಯಲ್ಲಿ ಬೇಯಿಸಿದ ಊಟ ರೂಢಿಸುವ ಕ್ರಮ

ಕಲಬುರಗಿ, ಬೀದರ್, ಯಾದಗಿರಿ ಭಾಗದಲ್ಲಿ ನಾಯಿಗೆ ಮನೆಯ ಊಟ ಹಾಕುವುದು ಹೊಸದೇನಲ್ಲ. ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಉಳಿದ ಅನ್ನ, ಬೇಳೆಯ ತಿಳಿ, ಎಂದಾದರೊಮ್ಮೆ ಮಾಂಸದ ಅಂಗಡಿಯಿಂದ ತಂದ ಚೂರುಪಾರು ತಿಂದೇ ಹೊಲದ ನಾಯಿಗಳು ಬಾಳಿವೆ. ಆದರೆ ಆ ನಾಯಿಗಳು ದಿನವಿಡೀ ಅಲೆಯುತ್ತಿದ್ದವು. ಇಲಿ, ಹೆಗ್ಗಣ ಹಿಡಿದು, ಸತ್ತ ದನದ ಎಲುಬು ಕಡಿದು, ರೊಟ್ಟಿಯಲ್ಲಿ ಸಿಗದಿದ್ದನ್ನು ತಾವೇ ಹುಡುಕಿಕೊಳ್ಳುತ್ತಿದ್ದವು. ಕಾಂಪೌಂಡಿನೊಳಗೆ ಅಥವಾ ಎರಡನೇ ಮಹಡಿಯ ಮನೆಯಲ್ಲಿ ಬೆಳೆಯುವ ಲ್ಯಾಬ್ರಡಾರಿಗೆ ಆ ಅವಕಾಶವಿಲ್ಲ. ಅದರ ಬಟ್ಟಲಿಗೆ ಏನು ಬೀಳುತ್ತದೆಯೋ ಅಷ್ಟೇ ಅದರ ಆಹಾರ.

ಆದ್ದರಿಂದ ಕಿಬಲ್ ಎಂಬ ಪ್ಯಾಕೆಟ್ಟಿನ ಒಣ ಆಹಾರವನ್ನು ಬಿಡಿಸುವ ಮುನ್ನ ಒಂದು ವಿಷಯ ಸ್ಪಷ್ಟವಾಗಿರಬೇಕು. ಬದಲಾವಣೆಯ ಹತ್ತು ದಿನಗಳು ಅಂಥ ಕಷ್ಟದ್ದಲ್ಲ. ಹೆಚ್ಚಿನ ನಾಯಿಗಳು ಕೋಳಿ ಬೆಂದ ವಾಸನೆಗೆ ಕಿಬಲ್ಲನ್ನು ಅದೇ ದಿನ ಮರೆಯುತ್ತವೆ. ಕಷ್ಟ ಶುರುವಾಗುವುದು ಆಮೇಲೆ, ಆರು ತಿಂಗಳು, ಒಂದು ವರ್ಷ ಅದೇ ಅಡುಗೆ ನಡೆದಾಗ. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 2013ರಲ್ಲಿ ನಾಯಿಗಳಿಗಾಗಿ ಪ್ರಕಟವಾಗಿದ್ದ 200 ಮನೆಯಡುಗೆ ವಿಧಾನಗಳನ್ನು ಪರೀಕ್ಷಿಸಿದಾಗ, ಶೇ. 95ರಷ್ಟರಲ್ಲಿ ಕನಿಷ್ಠ ಒಂದಾದರೂ ಅಗತ್ಯ ಪೋಷಕಾಂಶ ಕಡಿಮೆ ಇತ್ತು. ಅವುಗಳಲ್ಲಿ ಪಶುವೈದ್ಯರೇ ಬರೆದ ವಿಧಾನಗಳೂ ಇದ್ದವು. ಕೊರತೆಯ ಲಕ್ಷಣ ಬೇಗ ಕಾಣುವುದಿಲ್ಲ. ಕಾಣುವ ಹೊತ್ತಿಗೆ ಎಲುಬು, ಚರ್ಮ ಅಥವಾ ರಕ್ತಕ್ಕೆ ಪೆಟ್ಟು ಬಿದ್ದಿರುತ್ತದೆ. ಈ ಬರಹದ ಬಹುಭಾಗ ಅದಕ್ಕೇ ಮೀಸಲು.

ಯಾವ ನಾಯಿಗೆ ಬೇಡ

ಒಂದು ವರ್ಷದೊಳಗಿನ ಮರಿಗಳಿಗೆ ಮನೆಯಲ್ಲೇ ಅಂದಾಜು ಮಾಡಿದ ಊಟ ಬೇಡ. ದೊಡ್ಡ ತಳಿಯ ಮರಿಗಳ ಮಟ್ಟಿಗೆ ಈ ಅವಧಿ ಒಂದೂವರೆ ವರ್ಷದವರೆಗೆ ಚಾಚುತ್ತದೆ. ಬೆಳೆಯುವ ಎಲುಬಿಗೆ ಸುಣ್ಣಾಂಶ (ಕ್ಯಾಲ್ಸಿಯಂ) ಕಡಿಮೆಯಾದರೆ ಕಾಲು ಬಾಗುತ್ತದೆ, ಹೆಚ್ಚಾದರೆ ಕೀಲುಗಳ ಬೆಳವಣಿಗೆ ಕೆಡುತ್ತದೆ. ಸರಿಯಾದ ಪ್ರಮಾಣದ ಅಂತರ ತೀರ ಕಿರಿದು. ಗಬ್ಬದ ನಾಯಿ, ಹಾಲೂಡಿಸುವ ನಾಯಿ, ಮೂತ್ರಪಿಂಡದ ಅಥವಾ ಮೇದೋಜೀರಕ ಗ್ರಂಥಿಯ ತೊಂದರೆ ಇರುವ ನಾಯಿಗಳ ಊಟವನ್ನು ವೈದ್ಯರೇ ಬರೆದುಕೊಡಬೇಕು.

ಮನೆಯಲ್ಲಿ ಮಾಂಸ ಬೇಯಿಸದ ಕುಟುಂಬಗಳು ಈ ಭಾಗದಲ್ಲಿ ಬಹಳ. ಅಂಥವರಿಗೆ ನನ್ನ ಸಲಹೆ ನೇರವಾದದ್ದು: ಕಿಬಲ್ಲನ್ನೇ ಮುಂದುವರಿಸಿ. ಬರೀ ಬೇಳೆ, ಅನ್ನ, ಮೊಸರಿನಿಂದ ನಾಯಿಯ ಊಟವನ್ನು ಪೂರ್ಣಗೊಳಿಸುವುದು ತಜ್ಞರಿಗೂ ಸುಲಭವಲ್ಲ. ಕಿಬಲ್ಲಿನ ಮೇಲೆ ಬೇಯಿಸಿದ ಗಜ್ಜರಿ, ಕುಂಬಳಕಾಯಿ, ಒಂದು ಚಮಚ ಮೊಸರು ಹಾಕಿದರೆ ನಾಯಿಗೆ ರುಚಿಯೂ ಆಯಿತು, ಸಮತೋಲನವೂ ಉಳಿಯಿತು. ಹೀಗೆ ಮೇಲೆ ಹಾಕುವುದು ದಿನದ ಒಟ್ಟು ಕ್ಯಾಲೊರಿಯ ಹತ್ತನೇ ಒಂದು ಭಾಗ ಮೀರಬಾರದು.

ಹಸಿ ಮಾಂಸವೋ, ಬೇಯಿಸಿದ್ದೋ

ಹಸಿ ಮಾಂಸವೇ ನಾಯಿಯ ಸಹಜ ಆಹಾರ ಎಂಬ ವಾದ ಈಗ ನಮ್ಮ ಊರುಗಳಿಗೂ ಬಂದಿದೆ. ನಾನು ಅದನ್ನು ಒಪ್ಪುವುದಿಲ್ಲ, ಮತ್ತು ನನ್ನ ಕಾರಣಗಳು ಈ ನೆಲಕ್ಕೆ ಸಂಬಂಧಿಸಿದವು. ಮೊದಲನೆಯದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ತಾಪಮಾನ 42 ಡಿಗ್ರಿ ದಾಟುವುದು ಮಾಮೂಲು. ಬೆಳಗ್ಗೆ ಕಡಿದು ಹಲಗೆಯ ಮೇಲೆ ತೂಗುಹಾಕಿದ ಮಾಂಸದ ಮೇಲೆ ಸಾಲ್ಮೊನೆಲ್ಲಾ, ಇ. ಕೋಲಿಯಂಥ ಬ್ಯಾಕ್ಟೀರಿಯಾಗಳು ಮಧ್ಯಾಹ್ನದೊಳಗೆ ಎಷ್ಟು ಪಟ್ಟು ಹೆಚ್ಚಿರುತ್ತವೆ ಎಂದು ಹೇಳಲಾಗದು. ಮನೆಯ ಫ್ರೀಜರಿನಲ್ಲಿ ಇಟ್ಟರೆ ಇವು ಸಾಯುವುದಿಲ್ಲ, ಸುಮ್ಮನೆ ತಡೆದು ನಿಲ್ಲುತ್ತವೆ. ನಾಯಿಗೆ ಏನೂ ಆಗದೆ ಇರಬಹುದು. ಆದರೆ ಅದು ಮಗುವಿನ ಕೈ ನೆಕ್ಕುತ್ತದೆ.

ಎರಡನೆಯ ಕಾರಣ ಇನ್ನೂ ಗಂಭೀರವಾದದ್ದು. ನಮ್ಮದು ಕುರಿಗಳ ಸೀಮೆ. ಕುರಿಯ ಕಲೀಜಿ ಮತ್ತು ಪುಪ್ಪಸವನ್ನು, ಅದರಲ್ಲೂ ಮನುಷ್ಯರು ಅಷ್ಟಾಗಿ ಕೊಳ್ಳದ ಪುಪ್ಪಸವನ್ನು, ನಾಯಿಗೆಂದು ಅಗ್ಗಕ್ಕೆ ಕೊಡುವ ಪದ್ಧತಿ ಎಲ್ಲೆಡೆ ಇದೆ. ಆ ಪುಪ್ಪಸವನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಕೆಲವದರ ಮೇಲೆ ಬಟಾಣಿಯಿಂದ ಲಿಂಬೆಹಣ್ಣಿನವರೆಗಿನ ಗಾತ್ರದ, ಬಿಳಿಚಿಕೊಂಡ, ಒಳಗೆ ತಿಳಿನೀರು ತುಂಬಿದ ಗುಳ್ಳೆಗಳು ಕಾಣುತ್ತವೆ. ಅವು ಎಕಿನೊಕಾಕಸ್ ಎಂಬ ಲಾಡಿಹುಳುವಿನ ಮರಿಗಳಿರುವ ಚೀಲಗಳಾಗಿರಬಹುದು. ನಾಯಿ ಅದನ್ನು ಹಸಿಯಾಗಿ ತಿಂದರೆ ಅದರ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಹುಳುಗಳು ಬೆಳೆಯುತ್ತವೆ; ಮಲದ ಜೊತೆ ಮೊಟ್ಟೆಗಳು ಹೊರಬಂದು, ನಾಯಿಯ ಕೂದಲಿಗೆ, ಅಂಗಳದ ಮಣ್ಣಿಗೆ, ಅಲ್ಲಿಂದ ನಮ್ಮ ಬಾಯಿಗೆ ತಲುಪುತ್ತವೆ. ಮನುಷ್ಯರ ಯಕೃತ್ತು, ಪುಪ್ಪಸಗಳಲ್ಲಿ ಅದೇ ಚೀಲ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಕೊನೆಗೆ ಶಸ್ತ್ರಚಿಕಿತ್ಸೆಯವರೆಗೂ ಹೋಗುತ್ತದೆ. ನಾಯಿ ಮಾತ್ರ ಗಟ್ಟಿಮುಟ್ಟಾಗಿಯೇ ಓಡಾಡಿಕೊಂಡಿರುತ್ತದೆ. ಚೆನ್ನಾಗಿ ಕುದಿಸಿದರೆ ಈ ಅಪಾಯವಿಲ್ಲ. ಆದರೂ ಗುಳ್ಳೆ ಕಂಡ ತುಂಡನ್ನು ಬೇಯಿಸಲೂ ಹೋಗಬೇಡಿ. ಬೀದಿನಾಯಿಗಳ ಬಾಯಿಗೆ ಸಿಗದಂತೆ ಸುಟ್ಟುಹಾಕಿ ಅಥವಾ ಆಳವಾಗಿ ಹೂಳಿ.

ಹೀಗಾಗಿ ಮುಂದೆ ಹೇಳುವುದೆಲ್ಲ ಬೇಯಿಸಿದ ಊಟದ ಕುರಿತೇ.

ಆರಂಭಕ್ಕೆ ಮುನ್ನ

ಬದಲಾವಣೆಗೆ ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರವರಿ. ಬೇಸಿಗೆಯಲ್ಲಿ ನಾಯಿಗಳು ಹೇಗೂ ಕಡಿಮೆ ತಿನ್ನುತ್ತವೆ. ಆಗ ಭೇದಿಯಾದರೆ ಅದು ಹೊಸ ಊಟದಿಂದಲೋ, ಕೆಟ್ಟ ಆಹಾರದಿಂದಲೋ, ಬಿಸಿಲಿನಿಂದಲೋ ಎಂದು ತಿಳಿಯದೆ ಪರದಾಡಬೇಕಾಗುತ್ತದೆ. ಭೇದಿಯಲ್ಲಿ ನೀರು ಕಳೆದುಕೊಂಡ ನಾಯಿ ನಮ್ಮ ಬಿಸಿಲಿನಲ್ಲಿ ಬಹಳ ಬೇಗ ನಿತ್ರಾಣವಾಗುತ್ತದೆ.

ಒಮ್ಮೆ ಪಶುವೈದ್ಯರಲ್ಲಿಗೆ ಕರೆದೊಯ್ದು ತೂಕ ಹಾಕಿಸಿ, ಮಲಪರೀಕ್ಷೆ ಮಾಡಿಸಿ, ಜಂತುಹುಳುವಿನ ಔಷಧಿ ಕೊಡಿಸಿ. ಐದಾರು ವರ್ಷ ದಾಟಿದ ನಾಯಿಯಾದರೆ ಯಕೃತ್ತು, ಮೂತ್ರಪಿಂಡಗಳ ರಕ್ತಪರೀಕ್ಷೆಯೂ ಆಗಲಿ. ಮುಂದೆ ಹೋಲಿಸಿ ನೋಡಲು ಈ ಅಂಕಿಗಳು ಬೇಕಾಗುತ್ತವೆ. ಬೀದರಿನವರಿಗೆ ನಂದಿನಗರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಆವರಣದಲ್ಲೇ ಪಶುವೈದ್ಯಕೀಯ ಕಾಲೇಜು ಇರುವುದು ದೊಡ್ಡ ಅನುಕೂಲ. ಕಲಬುರಗಿ, ಯಾದಗಿರಿಯವರು ತಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ಆರಂಭಿಸಿ, ಊಟದ ಲೆಕ್ಕ ಬರೆಸಿಕೊಳ್ಳಲು ಅಗತ್ಯ ಬಿದ್ದರೆ ಅಲ್ಲಿಗೆ ಹೋಗಬಹುದು.

ಗ್ರಾಂ ತೋರಿಸುವ ಅಡುಗೆ ತಕ್ಕಡಿಯೊಂದನ್ನು ಕೊಳ್ಳಿ. ಲೋಟ, ಮುಷ್ಟಿಗಳ ಅಳತೆ ಈ ಕೆಲಸಕ್ಕೆ ಸಾಲದು.

ಎಷ್ಟು ಬೇಕು ಎಂಬ ಲೆಕ್ಕ

ಸಂತಾನಹರಣ ಶಸ್ತ್ರಚಿಕಿತ್ಸೆಯಾದ, ಸಾಧಾರಣ ಓಡಾಟವಿರುವ ವಯಸ್ಕ ನಾಯಿಗೆ ದಿನಕ್ಕೆ ಸುಮಾರಾಗಿ, 5 ಕಿಲೊ ತೂಕವಿದ್ದರೆ 375, 10 ಕಿಲೊ ಇದ್ದರೆ 630, 20 ಕಿಲೊ ಇದ್ದರೆ 1060, 30 ಕಿಲೊ ಇದ್ದರೆ 1435 ಕಿಲೊಕ್ಯಾಲೊರಿ ಬೇಕು. ತೂಕ ದುಪ್ಪಟ್ಟಾದರೆ ಊಟ ದುಪ್ಪಟ್ಟಾಗುವುದಿಲ್ಲ ಎಂಬುದನ್ನು ಗಮನಿಸಿ. ಶಸ್ತ್ರಚಿಕಿತ್ಸೆ ಆಗದ ನಾಯಿಗೆ ಇದಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಇಡೀ ಬೇಸಿಗೆ ಕೂಲರ್ ಎದುರು ಮಲಗಿ ಕಳೆಯುವ ಲ್ಯಾಬ್ರಡಾರಿಗೆ ಐದನೇ ಒಂದು ಭಾಗ ಕಡಿಮೆ ಸಾಕು.

20 ಕಿಲೊ ತೂಕದ ನಾಯಿಯ ಒಂದು ದಿನದ ಊಟವನ್ನು ಉದಾಹರಣೆಯಾಗಿ ಬಿಡಿಸಿ ನೋಡೋಣ. ಎಲ್ಲವೂ ಬೇಯಿಸುವ ಮುನ್ನಿನ ತೂಕ. ಎಲುಬು, ಚರ್ಮ ತೆಗೆದ ಕೋಳಿಯ ತೊಡೆಯ ಮಾಂಸ 400 ಗ್ರಾಂ, ಅಕ್ಕಿ ಅಥವಾ ಜೋಳದ ನುಚ್ಚು 80 ಗ್ರಾಂ, ಕೋಳಿಯ ಇಲ್ಲವೇ ಕುರಿಯ ಕಲೀಜಿ 25 ಗ್ರಾಂ, ಒಂದು ತತ್ತಿ, ಕುಂಬಳಕಾಯಿ, ಗಜ್ಜರಿ, ಹೀರೇಕಾಯಿಗಳಂಥ ತರಕಾರಿ 120 ಗ್ರಾಂ, ಕುಸುಬಿ ಎಣ್ಣೆ 2 ಚಹಾ ಚಮಚ, ಮೊಸರು 50 ಗ್ರಾಂ. ಒಟ್ಟು ಸಾವಿರಕ್ಕೂ ತುಸು ಹೆಚ್ಚು ಕಿಲೊಕ್ಯಾಲೊರಿ. ಬೆಂದ ಮೇಲೆ ಇದು 900 ಗ್ರಾಮಿನ ಆಸುಪಾಸು ಬರುತ್ತದೆ. 290 ಗ್ರಾಂ ಕಿಬಲ್ ಹಾಕಿ ರೂಢಿಯಾದ ಕಣ್ಣಿಗೆ ಇದು ಬೆಟ್ಟದಷ್ಟು ಕಾಣುತ್ತದೆ, ಆದರೆ ಅದರಲ್ಲಿ ಬಹುಪಾಲು ನೀರು. ಇದೇ ಕಾರಣಕ್ಕೆ ನಾಯಿ ಬಟ್ಟಲಿನ ನೀರು ಕುಡಿಯುವುದು ಕಡಿಮೆಯಾದರೆ ಗಾಬರಿ ಬೇಡ.

ಕುಸುಬಿ ಎಣ್ಣೆಯನ್ನು ಬೇಕೆಂದೇ ಹೆಸರಿಸಿದ್ದೇನೆ. ನಾಯಿಗೆ ಅತ್ಯಗತ್ಯವಾದ ಲಿನೋಲಿಯಿಕ್ ಆಮ್ಲ ಅದರಲ್ಲಿ ಹೇರಳವಾಗಿದೆ, ನಮ್ಮ ಗಾಣಗಳಲ್ಲಿ ಸಿಗುತ್ತದೆ. ಅಗಸಿಯ ಒಮೆಗಾ-3 ಮಾತ್ರ ನಾಯಿಯ ದೇಹದಲ್ಲಿ ಅಷ್ಟಾಗಿ ಉಪಯುಕ್ತ ರೂಪಕ್ಕೆ ತಿರುಗುವುದಿಲ್ಲ. ಅದಕ್ಕೆ ಮೀನೆಣ್ಣೆಯ ಕ್ಯಾಪ್ಸೂಲ್ ಬೇಕು. ಭೀಮಾ, ಕೃಷ್ಣಾ, ಕಾರಂಜಾ ಕಡೆಯ ರೋಹು, ಕಟ್ಲಾ ಸಿಕ್ಕರೆ ವಾರದಲ್ಲೊಂದು ದಿನ ಕೋಳಿಯ ಬದಲು ಮುಳ್ಳು ಬಿಡಿಸಿ ಬೇಯಿಸಿ ಹಾಕಬಹುದು. ಹಸಿಯಾಗಿ ಬೇಡವೇ ಬೇಡ. ಈ ಜಾತಿಯ ಮೀನುಗಳಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವಿದೆ, ಬೇಯಿಸಿದರೆ ಅದು ನಿಷ್ಕ್ರಿಯವಾಗುತ್ತದೆ.

ಕಲೀಜಿಯನ್ನು 25 ಗ್ರಾಮಿಗೆ ನಿಲ್ಲಿಸಿದ್ದೂ ಲೆಕ್ಕದಿಂದಲೇ. ಅದರಲ್ಲಿ ಎ ಜೀವಸತ್ವ ಮತ್ತು ತಾಮ್ರ ತುಂಬಾ ಇವೆ. ದಿನವೂ ಬಟ್ಟಲು ತುಂಬ ಕಲೀಜಿ ತಿಂದ ನಾಯಿಗೆ ಆ ಎ ಜೀವಸತ್ವವೇ ವಿಷವಾಗುತ್ತದೆ.

ಇನ್ನು ಬೇಳೆ. ತೊಗರಿಯ ಕಣಜದಲ್ಲಿ ಕೂತು ಬೇಳೆ ಬೇಡ ಎನ್ನುವುದು ಕಷ್ಟ, ಬೇಡವೆನ್ನುತ್ತಲೂ ಇಲ್ಲ. ಆದರೆ ಬೇಳೆ ಮಾಂಸದ ಜಾಗಕ್ಕೆ ಬರಬಾರದು. ಬಟಾಣಿ ಮತ್ತಿತರ ಕಾಳುಗಳನ್ನೇ ಮುಖ್ಯವಾಗಿ ಬಳಸಿದ ಆಹಾರಗಳಿಗೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ಸಂಬಂಧವಿರಬಹುದೇ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ತನಿಖೆ ಆರಂಭಿಸಿತು. ಕಾರಣ ಇತ್ಯರ್ಥವಾಗಿಲ್ಲ, ಆದರೂ ಎರಡು ಚಮಚ ಮೆತ್ತಗೆ ಬೆಂದ ಬೇಳೆಗಿಂತ ಮುಂದೆ ಹೋಗಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಸುಣ್ಣಾಂಶ: ತಪ್ಪಿಸಲೇಬಾರದ ಅಂಶ

ಮೇಲಿನ ಊಟದಲ್ಲಿ ರಂಜಕ (ಫಾಸ್ಫರಸ್) ಸುಮಾರು ಒಂದು ಗ್ರಾಮಿನಷ್ಟಿದೆ, ಕ್ಯಾಲ್ಸಿಯಂ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕ್ಯಾಲ್ಸಿಯಂ ಯಾವತ್ತೂ ರಂಜಕಕ್ಕೆ ಸಮನಾಗಿ ಅಥವಾ ತುಸು ಹೆಚ್ಚಾಗಿ ಇರಬೇಕು. ಇಲ್ಲದಿದ್ದರೆ ದೇಹ ತನ್ನ ಎಲುಬಿನಿಂದಲೇ ಅದನ್ನು ಕೀಳುತ್ತದೆ. ಹಾಲು, ಮೊಸರಿನಿಂದ ಈ ಅಂತರ ತುಂಬುವುದಿಲ್ಲ.

ತುಂಬುವ ಸುಲಭ ದಾರಿ ತತ್ತಿಯ ಸಿಪ್ಪೆ. ಸಿಪ್ಪೆಗಳನ್ನು ತೊಳೆದು, ಹತ್ತು ನಿಮಿಷ ಕುದಿಸಿ, ತಟ್ಟೆಯಲ್ಲಿ ಹರಡಿ ಮಾಳಿಗೆಯ ಮೇಲಿಡಿ. ನಮ್ಮ ಬಿಸಿಲಿಗೆ ಒಂದೇ ಮಧ್ಯಾಹ್ನದಲ್ಲಿ ಬೆರಳಲ್ಲಿ ಒತ್ತಿದರೆ ಚಟ್ಟೆಂದು ಮುರಿಯುವಷ್ಟು ಒಣಗುತ್ತವೆ. ಮಿಕ್ಸಿಯ ಸಣ್ಣ ಜಾರಿನಲ್ಲಿ ನುಣ್ಣಗೆ ಪುಡಿಮಾಡಿ, ಬಟ್ಟೆಯಲ್ಲಿ ಸೋಸಿ. ಬೆರಳುಗಳ ನಡುವೆ ತಿಕ್ಕಿದಾಗ ಹಿಟ್ಟಿನಂತೆ ಜಾರಬೇಕು. ಹರಳು ತಾಗಿದರೆ ಮತ್ತೊಮ್ಮೆ ತಿರುಗಿಸಿ. ಈ ಪುಡಿಯ ತೂಕದಲ್ಲಿ ಶೇ. 38ರಷ್ಟು ಕ್ಯಾಲ್ಸಿಯಂ ಇರುತ್ತದೆ. ನಮ್ಮ ಉದಾಹರಣೆಯ ನಾಯಿಗೆ ದಿನಕ್ಕೆ ಮೂರೂವರೆ ಗ್ರಾಂ, ಅಂದರೆ ಅರ್ಧ ಚಹಾ ಚಮಚಕ್ಕಿಂತ ತುಸು ಹೆಚ್ಚು, ಬೇಕಾಗುತ್ತದೆ. ಗಾಜಿನ ಡಬ್ಬಿಯಲ್ಲಿ ಹಾಕಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಎಮ್ಮೆ, ಆಕಳಿಗೆ ಕೊಡುವ ಖನಿಜ ಮಿಶ್ರಣವನ್ನಾಗಲಿ, ಗೊಬ್ಬರದ ಅಂಗಡಿಯ ಎಲುಬಿನ ಪುಡಿಯನ್ನಾಗಲಿ ಇದರ ಬದಲಿಗೆ ಬಳಸಬೇಡಿ. ಅವುಗಳ ಪ್ರಮಾಣ, ಶುದ್ಧತೆ ಎರಡೂ ನಾಯಿಗೆ ಹೊಂದುವುದಿಲ್ಲ.

ಇಷ್ಟಾದರೂ ಸತು, ಅಯೋಡಿನ್, ಡಿ ಮತ್ತು ಇ ಜೀವಸತ್ವಗಳು ಸಾಲವು. ನಾಯಿಯ ಚರ್ಮ ನಮ್ಮಂತೆ ಬಿಸಿಲಿನಿಂದ ಸಾಕಷ್ಟು ಡಿ ಜೀವಸತ್ವ ತಯಾರಿಸಿಕೊಳ್ಳುವುದಿಲ್ಲ, ಊಟದಿಂದಲೇ ಸಿಗಬೇಕು. ಮನೆಯೂಟಕ್ಕೆಂದೇ ತಯಾರಾದ ಪೂರಕವನ್ನು ವೈದ್ಯರಿಂದ ಬರೆಸಿಕೊಳ್ಳಿ; ಕೂದಲು ಮಿಂಚಲೆಂದು ಮಾರುವ ಟಾನಿಕ್‌ಗಳಿಂದ ಈ ಕೊರತೆ ತುಂಬುವುದಿಲ್ಲ. ಪೂರಕದ ಲೇಬಲ್ಲಿನಲ್ಲಿ ಕ್ಯಾಲ್ಸಿಯಂ ಮೊದಲೇ ಇದ್ದರೆ ತತ್ತಿಯ ಪುಡಿಯನ್ನು ಆ ಮಟ್ಟಿಗೆ ಇಳಿಸಬೇಕು. ಮನುಷ್ಯರ ಡಿ ಜೀವಸತ್ವದ ಗುಳಿಗೆ ಮಾತ್ರ ನಾಯಿಯ ಹತ್ತಿರವೂ ಸುಳಿಯಬಾರದು.

ಬೇಯಿಸುವ ವಿಧಾನ

ಜೋಳವನ್ನು ಇಡಿಯಾಗಿ ಬೇಯಿಸಿದರೆ ಹೇಗೆ ಹೋಯಿತೋ ಹಾಗೆಯೇ ಹೊರಬರುತ್ತದೆ. ನುಚ್ಚನ್ನೇ ಬಳಸಿ, ಒಂದು ಗಂಟೆ ನೆನೆಸಿ, ನಾಲ್ಕು ಪಟ್ಟು ನೀರು ಹಾಕಿ, ಕುಕ್ಕರಿನಲ್ಲಿ ಐದಾರು ಸೀಟಿ ಕೂಗಿಸಿ. ಸೌಟಿನಿಂದ ಎತ್ತಿದರೆ ಗಂಜಿಯಂತೆ ಇಳಿಯಬೇಕು. ಮಾಂಸವನ್ನು ಬೇರೆಯಾಗಿ, ಸಣ್ಣ ತುಂಡು ಅಥವಾ ಖೀಮಾ ಮಾಡಿ, ಒಳಗೆ ಗುಲಾಬಿ ಬಣ್ಣ ಉಳಿಯದಂತೆ ಬೇಯಿಸಿ. ಬೆಂದ ನೀರನ್ನು ಚೆಲ್ಲದೆ ನುಚ್ಚಿಗೆ ಸೇರಿಸಿ. ತತ್ತಿಯನ್ನೂ ಬೇಯಿಸಿಯೇ ಹಾಕಿ. ಒಂದು ಚಿಟಿಕೆ ಅಯೋಡಿನ್ ಉಪ್ಪು ಸಾಕು. ಎಣ್ಣೆ, ತತ್ತಿಯ ಪುಡಿ, ಪೂರಕಗಳನ್ನು ಆರಿದ ಮೇಲೆ ಬೆರೆಸಬೇಕು.

ಉಳ್ಳಾಗಡ್ಡಿ, ಬಳ್ಳೊಳ್ಳಿ ಹಸಿಯಿರಲಿ, ಬೆಂದಿರಲಿ, ಪುಡಿಯಾಗಿರಲಿ, ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನಮ್ಮ ಅಡುಗೆಯಲ್ಲಿ ಇವಿಲ್ಲದ ಪದಾರ್ಥ ಯಾವುದಿದೆ? ಶೇಂಗಾ ಹಿಂಡಿ, ಅಗಸಿ ಹಿಂಡಿ, ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಒಯ್ಯುವ ಭಜ್ಜಿ, ದಾವತ್ತಿನ ಬಿರಿಯಾನಿ, ಎಲ್ಲದರಲ್ಲೂ ಒಂದಲ್ಲ ಒಂದು ಇದ್ದೇ ಇರುತ್ತದೆ. ಆದ್ದರಿಂದ ನಾಯಿಯ ಅಡುಗೆ ಬೇರೆಯೇ ಪಾತ್ರೆಯಲ್ಲಿ ಆಗಬೇಕು; ಮನೆಮಂದಿಯ ಸಾರನ್ನು ಅದರ ಮೇಲೆ ಸುರಿಯುವಂತಿಲ್ಲ. ದ್ರಾಕ್ಷಿ, ಮನುಕಾ ಮೂತ್ರಪಿಂಡಕ್ಕೆ ಮಾರಕ. ಚಾಕೊಲೇಟ್, ಸಕ್ಕರೆರಹಿತ ಮಿಠಾಯಿಯ ಕ್ಸೈಲಿಟಾಲ್ ಕೂಡ ವರ್ಜ್ಯ. ಬೂಸ್ಟು ಹಿಡಿದ ಜೋಳ, ಮುಗ್ಗಲು ವಾಸನೆಯ ಶೇಂಗಾ ದನಕ್ಕೂ ಬೇಡ, ನಾಯಿಗೂ ಬೇಡ. ಅದರಲ್ಲಿನ ಅಫ್ಲಾಟಾಕ್ಸಿನ್ ಯಕೃತ್ತನ್ನು ಕೆಡಿಸುತ್ತದೆ. ಬೆಂದ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಹಬ್ಬದ ಮರುದಿನ ಪಶು ಆಸ್ಪತ್ರೆಗೆ ಬರುವ ನಾಯಿಗಳಲ್ಲಿ ಇಂಥವೂ ಇರುತ್ತವೆ.

ಬದಲಾವಣೆಯ ದಿನಗಳು

ಮೊದಲ ಮೂರು ದಿನ ಕಿಬಲ್ಲಿನ ನಾಲ್ಕನೇ ಒಂದು ಭಾಗ ತೆಗೆದು ಆ ಜಾಗಕ್ಕೆ ಮನೆಯೂಟ ಹಾಕಿ. ನಮ್ಮ ಉದಾಹರಣೆಯಲ್ಲಿ ಸುಮಾರು 70 ಗ್ರಾಂ ಕಿಬಲ್ ತೆಗೆದು 220 ಗ್ರಾಂ ಬೇಯಿಸಿದ ಊಟ. ಈ ಹಂತದಲ್ಲಿ ಕೋಳಿ ಮತ್ತು ಮೆತ್ತಗಿನ ಅನ್ನ ಮಾತ್ರ ಇರಲಿ. ಎಣ್ಣೆ, ಕಲೀಜಿ, ನುಚ್ಚು ಬೇಡ. ನಾಲ್ಕರಿಂದ ಆರನೇ ದಿನದವರೆಗೆ ಅರ್ಧ-ಅರ್ಧ, ಜೊತೆಗೆ ತರಕಾರಿ. ಏಳರಿಂದ ಒಂಬತ್ತಕ್ಕೆ ಮುಕ್ಕಾಲು ಭಾಗ, ಆಗ ಎಣ್ಣೆ ಮತ್ತು ತತ್ತಿ. ಹತ್ತನೇ ದಿನ ಪೂರ್ತಿ ಮನೆಯೂಟ, ಕಲೀಜಿ ಮತ್ತು ನುಚ್ಚನ್ನು ಅಲ್ಲಿಂದ ಮುಂದೆ ಒಂದೊಂದಾಗಿ. ಹೊಟ್ಟೆ ಸೂಕ್ಷ್ಮವಿರುವ ಅಥವಾ ವಯಸ್ಸಾದ ನಾಯಿಗೆ ಇದೇ ಕ್ರಮವನ್ನು ಮೂರು ವಾರಕ್ಕೆ ಹಿಗ್ಗಿಸಿ.

ದಿನವೂ ಮಲ ನೋಡಬೇಕು, ಇದರಲ್ಲಿ ಸಂಕೋಚ ಸಲ್ಲದು. ತುಸು ಮೆತ್ತಗಾಗುವುದು ಸಹಜ. ಆಗ ಹಿಂದಿನ ಹಂತಕ್ಕೆ ಮರಳಿ ಎರಡು ದಿನ ನಿಲ್ಲಿ. ಗಟ್ಟಿಯಾಗಿ, ಬೆಳ್ಳಗೆ, ಪುಡಿಪುಡಿಯಾಗಿದ್ದರೆ ಸುಣ್ಣಾಂಶ ಹೆಚ್ಚಾಗಿದೆ. ನೀರಿನಂಥ ಭೇದಿ ಒಂದು ದಿನ ದಾಟಿದರೆ, ರಕ್ತ ಕಂಡರೆ, ವಾಂತಿಯೂ ಸೇರಿದರೆ ವೈದ್ಯರಲ್ಲಿಗೆ ಹೋಗಿ.

ಬಿಸಿಲು, ಕರೆಂಟು, ಫ್ರಿಜ್

ಕಿಬಲ್ಲಿನಂತೆ ಮನೆಯೂಟವನ್ನು ಬಟ್ಟಲಿನಲ್ಲಿ ದಿನವಿಡೀ ಬಿಡಲಾಗದು. ಬೇಸಿಗೆಯಲ್ಲಿ ಅರ್ಧ ಗಂಟೆಯೊಳಗೆ ತಿನ್ನದಿದ್ದರೆ ಎತ್ತಿ ಚೆಲ್ಲಿ, ಬಟ್ಟಲನ್ನು ಸೋಪು ಹಾಕಿ ತೊಳೆಯಿರಿ. ಏಪ್ರಿಲ್‌ನಿಂದ ಊಟವನ್ನು ಬೆಳಗ್ಗೆ ಏಳರೊಳಗೆ, ಸಂಜೆ ಹೊತ್ತು ಮುಳುಗಿದ ಮೇಲೆ ಎಂದು ನಿಗದಿಮಾಡಿದರೆ ನಾಯಿಯೂ ನೆಮ್ಮದಿಯಾಗಿ ತಿನ್ನುತ್ತದೆ.

ಬೇಯಿಸಿದ್ದನ್ನು ಅಗಲವಾದ ತಟ್ಟೆಯಲ್ಲಿ ಬೇಗ ಆರಿಸಿ, ಹೊತ್ತಿಗೊಂದರಂತೆ ಡಬ್ಬಿಗಳಿಗೆ ತುಂಬಿಡಿ. ಫ್ರಿಜ್ಜಿನಲ್ಲಿ ಮೂರು ದಿನ, ಫ್ರೀಜರಿನಲ್ಲಿ ಎರಡು ತಿಂಗಳು ಇಡಬಹುದು. ಕರೆಂಟು ನಾಲ್ಕು ಗಂಟೆಗಿಂತ ಹೆಚ್ಚು ಹೋಗಿದ್ದರೆ ಫ್ರಿಜ್ಜಿನಲ್ಲಿದ್ದ ಮಾಂಸದ ಊಟವನ್ನು ಬಳಸಬೇಡಿ. ಮತ್ತೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು, ಅವು ಬಿಟ್ಟ ಕೆಲವು ವಿಷಗಳು ಉಳಿಯುತ್ತವೆ.

ಆಮೇಲೆ

ಮೊದಲ ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆ ತೂಕ ನೋಡಿ. ಪಕ್ಕೆಲುಬುಗಳು ಕಣ್ಣಿಗೆ ಎದ್ದು ಕಾಣದೆ, ಕೈಯಾಡಿಸಿದರೆ ಸುಲಭವಾಗಿ ಎಣಿಕೆಗೆ ಸಿಗುವಂತಿದ್ದರೆ ಪ್ರಮಾಣ ಸರಿಯಾಗಿದೆ. ಮುಧೋಳ ನಾಯಿಗಳು ಹುಟ್ಟಾ ತೆಳ್ಳಗಿನವು, ಅವುಗಳ ಕೊನೆಯ ಎರಡು ಮೂರು ಪಕ್ಕೆಲುಬು ಕಂಡರೆ ಊಟ ಹೆಚ್ಚಿಸಬೇಕಿಲ್ಲ. ಮೂಗಿನ ಸುತ್ತ, ಪಾದದ ಮೆತ್ತೆಗಳಲ್ಲಿ ಚರ್ಮ ಬಿರಿದರೆ ಸತು ಕಡಿಮೆಯಾಗಿದೆಯೇ ಎಂದು ವೈದ್ಯರನ್ನು ಕೇಳಿ. ಆರು ತಿಂಗಳಿಗೆ ರಕ್ತಪರೀಕ್ಷೆ ಮಾಡಿಸಿ, ಮೊದಲಿನ ಅಂಕಿಗಳ ಜೊತೆ ಹೋಲಿಸಿ. ಜಂತುಹುಳುವಿನ ಔಷಧಿ ಮೂರು ತಿಂಗಳಿಗೊಮ್ಮೆ ನಡೆಯಲಿ.

ಹಳೆಯ ಕಿಬಲ್ಲಿನ ಸಣ್ಣ ಚೀಲವೊಂದನ್ನು ಮನೆಯಲ್ಲಿ ಇಟ್ಟುಕೊಂಡು, ವಾರಕ್ಕೊಮ್ಮೆ ಒಂದು ಹಿಡಿ ಊಟದಲ್ಲಿ ಬೆರೆಸುತ್ತಿರಿ. ಮದುವೆ, ಜಾತ್ರೆ ಎಂದು ನಾಲ್ಕು ದಿನ ಊರಿಗೆ ಹೋಗಬೇಕಾದಾಗ ಪಕ್ಕದ ಮನೆಯವರಿಗೆ ತೂಕ, ಚಮಚ, ಪುಡಿಗಳ ಲೆಕ್ಕ ಒಪ್ಪಿಸುವುದಕ್ಕಿಂತ ಅಳೆದಿಟ್ಟ ಕಿಬಲ್ ಕೊಟ್ಟು ಹೋಗುವುದು ಕ್ಷೇಮ, ಮತ್ತು ರುಚಿ ಮರೆಯದ ನಾಯಿ ಆಗ ಹೊಟ್ಟೆ ಕೆಡಿಸಿಕೊಳ್ಳದೆ ತಿನ್ನುತ್ತದೆ.